ಹಳೆಯ ಬೇಸ್‌ಬಾಲ್ ಕಾರ್ಡ್: ಯಾವುದನ್ನು ಗ್ರೇಡಿಂಗ್‌ಗೆ ಕಳಿಸಬೇಕು, ಯಾವುದು ಬೇಡ

ಶನಿವಾರ ಬೆಳಿಗ್ಗೆ ಎಸ್ಟೇಟ್ ಸೇಲ್‌ಗೆ, ಅಂದರೆ ಒಂದು ಮನೆಯ ಹಳೆಯ ಸಾಮಾನೆಲ್ಲ ಮಾರುವ ಕಡೆಗೆ, ಹೋಗಿದ್ದಿರಿ. ಬೇಸ್‌ಮೆಂಟ್‌ನ ಮೂಲೆಯಲ್ಲಿ ಒಂದು ಶೂ ಡಬ್ಬಿ, ಅದರೊಳಗೆ ರಬ್ಬರ್ ಬ್ಯಾಂಡ್ ಹಾಕಿಟ್ಟ ಹಳೆಯ ಬೇಸ್‌ಬಾಲ್ ಕಾರ್ಡ್‌ಗಳ ಕಟ್ಟು. ಚೌಕಾಸಿ ಮಾಡಿ ತಂದಿದ್ದೀರಿ. ಈಗ ಫೋಟೋ ನೋಡಿದವರೆಲ್ಲ ಒಂದೇ ಮಾತು ಹೇಳುತ್ತಿದ್ದಾರೆ: ಗ್ರೇಡಿಂಗ್‌ಗೆ ಕಳಿಸಿಬಿಡು. ದಯವಿಟ್ಟು ಇನ್ನೂ ಕಳಿಸಬೇಡಿ. ಡಬ್ಬಿಯಲ್ಲಿ ಮುನ್ನೂರು ಕಾರ್ಡ್ ಇದ್ದರೆ ಕಳಿಸಲು ಯೋಗ್ಯವಾದದ್ದು ನಾಲ್ಕೋ ಐದೋ ಇರಬಹುದು. ಒಂದೂ ಇಲ್ಲದೆಯೂ ಇರಬಹುದು.

ನಾನು ಹಾಸನದಲ್ಲಿ ಬೆಳೆದವನು. ಚಿಕ್ಕವನಿದ್ದಾಗ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚೀಟಿಗಳನ್ನು ಕೂಡಿಡುತ್ತಿದ್ದೆ. ನ್ಯೂಜೆರ್ಸಿಗೆ ಬಂದು ಮಗನನ್ನು ಲಿಟಲ್ ಲೀಗ್‌ಗೆ ಸೇರಿಸಿದ ಮೇಲೆ ಬೇಸ್‌ಬಾಲ್ ಹಿಡಿಸಿತು, ಅದರ ಬೆನ್ನಿಗೇ ಕಾರ್ಡ್‌ಗಳೂ ಬಂದವು. ನನ್ನ ಹಾಗೆ ಈಗ ಶುರು ಮಾಡುವ ಕನ್ನಡದವರು ಸಿಕ್ಕಾಗಲೆಲ್ಲ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಗ್ರೇಡಿಂಗ್ ಅಂದರೆ ಇಷ್ಟು. ನಿಮ್ಮ ಕಾರ್ಡ್ ಅಸಲಿಯೇ, ಯಾರಾದರೂ ಅದನ್ನು ಕತ್ತರಿಸಿ ತಿದ್ದಿದ್ದಾರೆಯೇ ಅಂತ ಕಂಪನಿಯವರು ನೋಡುತ್ತಾರೆ, 1ರಿಂದ 10ರ ತನಕ ಒಂದು ಅಂಕ ಕೊಡುತ್ತಾರೆ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿ ವಾಪಸ್ ಕಳಿಸುತ್ತಾರೆ. ಆ ಡಬ್ಬಿಗೆ ಸ್ಲ್ಯಾಬ್ ಅನ್ನುತ್ತಾರೆ. ಅವರು ಕಾರ್ಡನ್ನು ಚೆನ್ನಾಗಿ ಮಾಡಿ ಕೊಡುವುದಿಲ್ಲ, ಇರುವುದನ್ನು ಇರುವ ಹಾಗೆ ಹೇಳುತ್ತಾರೆ. ಅವರು ನೋಡುವುದರಲ್ಲಿ ಮುಕ್ಕಾಲು ಪಾಲನ್ನು ನೀವೇ ಊಟದ ಮೇಜಿನ ಮೇಲೆ ನೋಡಬಹುದು, ಒಂದು ಪೈಸೆ ಖರ್ಚಿಲ್ಲದೆ. ಹಾಗಾಗಿ ಮೊದಲು ನೀವೇ ನೋಡಿ. ಕೊಳ್ಳುವವನಿಗೆ ನಿಮ್ಮ ಮಾತು ಸಾಲದು ಅನ್ನುವ ಕಡೆ ಮಾತ್ರ ದುಡ್ಡು ಕೊಡಿ.

ಬೇಕಾದ ಸಾಮಾನು: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಮಿಲಿಮೀಟರ್ ಇರುವ ಸ್ಕೇಲ್, ಒಂದು ಟೇಬಲ್ ಲ್ಯಾಂಪ್, ಒಂದು ಚಿಕ್ಕ ಯುವಿ ಟಾರ್ಚ್. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ರಬ್ಬರ್ ಬ್ಯಾಂಡ್ ಎಳೆದು ತೆಗೆಯಬೇಡಿ, ಕತ್ತರಿಯಿಂದ ಕತ್ತರಿಸಿ. ಹಳೆಯ ರಬ್ಬರ್ ಕಾಗದಕ್ಕೆ ಅಂಟಿಕೊಂಡಿರುತ್ತದೆ, ಎಳೆದರೆ ಅಂಚನ್ನೇ ಕಿತ್ತುಕೊಂಡು ಬರುತ್ತದೆ.

1. ಯಾವ ವರ್ಷದ್ದು?

ಟಾಪ್ಸ್ ಕಂಪನಿಯ ಹಳೆಯ ಕಾರ್ಡ್‌ಗಳ ಮುಂಭಾಗದಲ್ಲಿ ವರ್ಷ ಬರೆದಿರುವುದಿಲ್ಲ. ಹಿಂದೆ ತಿರುಗಿಸಿ. ಆಟಗಾರನ ವರ್ಷವಾರು ಲೆಕ್ಕ ಇದ್ದರೆ ಅದರ ಕೊನೆಯ ವರ್ಷಕ್ಕೆ ಒಂದು ಸೇರಿಸಿ, ಸಾಮಾನ್ಯವಾಗಿ ಅದೇ ಕಾರ್ಡಿನ ವರ್ಷ. ಕೊನೆಯ ಸಾಲು 1967 ಅಂತಿದ್ದರೆ ಕಾರ್ಡ್ 1968ರದ್ದು.

ಇಲ್ಲಿಯೇ ಅರ್ಧ ಡಬ್ಬಿ ಖಾಲಿಯಾಗಬಹುದು. 1981ರಲ್ಲಿ ಫ್ಲೀರ್ ಮತ್ತು ಡಾನ್‌ರಸ್ ಕಂಪನಿಗಳೂ ಕಣಕ್ಕಿಳಿದವು. ಎಂಬತ್ತರ ದಶಕದ ಕೊನೆ ಮತ್ತು ತೊಂಬತ್ತರ ಶುರುವಿನಲ್ಲಿ ಎಲ್ಲರೂ ಸೇರಿ ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದರು. ಜನ ಮುಂದೆ ಬೆಲೆ ಬರುತ್ತೆ ಅಂತ ಅವನ್ನು ಜೋಪಾನವಾಗಿ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟದ್ದಕ್ಕೆ ಬೆಲೆ ಎಲ್ಲಿಂದ ಬರಬೇಕು? 1989ರ ಅಪ್ಪರ್ ಡೆಕ್ ಕಂಪನಿಯ ಕೆನ್ ಗ್ರಿಫಿ ಜೂನಿಯರ್ ಕಾರ್ಡ್ ತುಂಬಾ ಚೆಂದದ್ದು, ನನಗೂ ಇಷ್ಟ, ಆದರೆ ಪಿಎಸ್‌ಎ ಒಂದೇ ಕಂಪನಿ ಗ್ರೇಡ್ ಮಾಡಿದ ಆ ಕಾರ್ಡ್‌ಗಳ ಸಂಖ್ಯೆ ಲಕ್ಷ ದಾಟಿದೆ. 10 ಬಂದರೆ ಮಾತ್ರ ಅದಕ್ಕೆ ಮರ್ಯಾದೆ. ನಾನು ಇಲ್ಲಿ ಹೇಳುವುದೆಲ್ಲ 1980ಕ್ಕಿಂತ ಹಿಂದಿನವುಗಳ ಬಗ್ಗೆ.

2. ಯಾರದ್ದು?

ಹಾಲ್ ಆಫ್ ಫೇಮ್, ಅಂದರೆ ಬೇಸ್‌ಬಾಲಿನ ಅತಿ ದೊಡ್ಡ ಆಟಗಾರರ ಗೌರವದ ಪಟ್ಟಿ, ಸೇರಿದ ಆಟಗಾರರನ್ನು ಒಂದು ಕಡೆ ಇಡಿ, ಉಳಿದವರನ್ನು ಇನ್ನೊಂದು ಕಡೆ. ಉಳಿದವರಿಗೆ ಇಲ್ಲಿನವರು ಕಾಮನ್ ಅನ್ನುತ್ತಾರೆ. ಆಮೇಲೆ ಮೊದಲ ಗುಂಪಿನಲ್ಲಿ ರೂಕಿ ಕಾರ್ಡ್, ಅಂದರೆ ಆ ಆಟಗಾರನ ಮೊದಲ ಮುಖ್ಯ ಕಾರ್ಡ್, ಇದೆಯೇ ನೋಡಿ. 1954ರ ಟಾಪ್ಸ್‌ನಲ್ಲಿ 128ನೇ ನಂಬರ್ ಹ್ಯಾಂಕ್ ಆರನ್. 1955ರಲ್ಲಿ 123 ಸ್ಯಾಂಡಿ ಕೂಫ್ಯಾಕ್ಸ್, 164 ರಾಬರ್ಟೊ ಕ್ಲೆಮೆಂಟೆ. 1968ರಲ್ಲಿ 177ನೇದು ನೋಲನ್ ರಯಾನ್, ಆದರೆ ಅದರಲ್ಲಿ ಜೆರಿ ಕೂಸ್‌ಮನ್ ಮುಖವೂ ಇದೆ, ಹಾಗಾಗಿ ಗೊತ್ತಿಲ್ಲದವರು ಕಾಮನ್ ಜೊತೆ ಸೇರಿಸಿಬಿಡುತ್ತಾರೆ. 1963ರ 537ನೇ ಕಾರ್ಡಿನಲ್ಲಿ ನಾಲ್ಕು ಪುಟ್ಟ ತಲೆಗಳಿವೆ, ಅದರಲ್ಲಿ ಒಂದು ಪೀಟ್ ರೋಸ್. ಅವನು ಹಾಲ್ ಆಫ್ ಫೇಮ್‌ನಲ್ಲಿಲ್ಲ, ಆದರೂ ಆ ಕಾರ್ಡಿಗೆ ಬೇಡಿಕೆ ಇದೆ. ಎರಡು ಮೂರು ಮುಖ ಇರುವ ಕಾರ್ಡ್ ಕಂಡರೆ ಹೆಸರು ಓದದೆ ಪಕ್ಕಕ್ಕೆ ಸರಿಸಬೇಡಿ.

ಕಾಮನ್‌ಗಳಲ್ಲೂ ಕೆಲವಕ್ಕೆ ಬೆಲೆ ಇದೆ. 1952ರ ಟಾಪ್ಸ್ ಸೆಟ್‌ನಲ್ಲಿ 407 ಕಾರ್ಡ್. 311ರಿಂದ ಮುಂದಿನವು ಸೀಸನ್ ಮುಗಿಯುವ ಹೊತ್ತಿಗೆ ಬಂದವು, ಅಷ್ಟಾಗಿ ಮಾರಾಟವಾಗಲಿಲ್ಲ. ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಯಲ್ಲಿ ಒಯ್ದು ಸಮುದ್ರಕ್ಕೆ ಸುರಿದೆ ಅಂತ ಟಾಪ್ಸ್‌ನ ಸೈ ಬರ್ಗರ್ ಅವರೇ ಹೇಳಿದ್ದರು. ಹಾಗಾಗಿ ಆ ಸರಣಿಯಲ್ಲಿ ಯಾರೂ ಕೇಳದ ಹೆಸರಿದ್ದರೂ ಕೈಬಿಡಬೇಡಿ. ಅದೇ ಸೆಟ್‌ನ 1ನೇ ನಂಬರ್ ಆಂಡಿ ಪಾಫ್ಕೊ. ಮಕ್ಕಳು ನಂಬರ್ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು, ಮೇಲಿನ ಕಾರ್ಡ್ ಯಾವಾಗಲೂ ಪಾಫ್ಕೊ, ಪೆಟ್ಟು ತಿಂದದ್ದೂ ಅದೇ. ಹಾಗಾಗಿ ಚೆನ್ನಾಗಿ ಉಳಿದ ಪಾಫ್ಕೊ ಸಿಗುವುದೇ ಕಷ್ಟ.

ಇನ್ನೂ ಹಳೆಯದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಕಾರ್ಡ್, ಹಿಂದೆ ಸಿಗರೇಟಿನ ಜಾಹೀರಾತು ಇದ್ದರೆ ಅದು ಟಿ206 ಇರಬಹುದು. 1909ರಿಂದ 1911ರ ತನಕ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟ್ ಪ್ಯಾಕ್ ಒಳಗೆ ಇಟ್ಟು ಕೊಡುತ್ತಿದ್ದ ಕಾರ್ಡ್‌ಗಳು. ಇದರಲ್ಲಿ ಮುಖದಷ್ಟೇ ಬೆನ್ನಿಗೂ ಬೆಲೆ. ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್ ಅಂತಿದ್ದರೆ ಮಾಮೂಲಿ. ಡ್ರಮ್, ಉಜಿಟ್, ಲೆನಾಕ್ಸ್ ಅಂತಿದ್ದರೆ ಎದ್ದು ಕೂತು ನೋಡಿ. 2016ರಲ್ಲಿ ಒಂದು ಕುಟುಂಬ ಮುತ್ತಜ್ಜನ ಹಳೆಯ ಮನೆ ಖಾಲಿ ಮಾಡುವಾಗ ಕಸಕ್ಕೆ ಹೋಗಬೇಕಿದ್ದ ಕಾಗದದ ಚೀಲದಲ್ಲಿ ಹೆಸರಾಂತ ಆಟಗಾರ ಟೈ ಕಾಬ್‌ನ ಕಾರ್ಡ್ ಏಳು ಸಿಕ್ಕವು, ಬೆನ್ನಿನ ಮೇಲೂ ಟೈ ಕಾಬ್ ಹೆಸರಿನ ತಂಬಾಕಿನ ಜಾಹೀರಾತು. ಅಲ್ಲಿಯ ತನಕ ಜಗತ್ತಿಗೆ ಗೊತ್ತಿದ್ದವು ಹದಿನೈದರ ಆಸುಪಾಸು ಮಾತ್ರ. ಅವು ಸವೆದ ಕಾರ್ಡ್‌ಗಳೇ. ಆದರೂ ಅಂಥದ್ದನ್ನು ಎರಡನೇ ಯೋಚನೆ ಮಾಡದೆ ಗ್ರೇಡಿಂಗ್‌ಗೆ ಕಳಿಸಬೇಕು.

3. ಅಸಲಿಯೇ?

ಭೂತಗನ್ನಡಿ ತೆಗೆದುಕೊಳ್ಳಿ. ಆಟಗಾರನ ಚಿತ್ರದಲ್ಲಿ ಸಣ್ಣ ಸಣ್ಣ ಬಣ್ಣದ ಚುಕ್ಕೆ ಕಾಣುತ್ತವೆ, ಅದು ಸರಿ. ಈಗ ಹೆಸರಿನ ಅಕ್ಷರಗಳನ್ನೂ ಕಪ್ಪು ಗೆರೆಗಳನ್ನೂ ನೋಡಿ. ಐವತ್ತು, ಅರವತ್ತರ ದಶಕದ ಅಸಲಿ ಟಾಪ್ಸ್‌ನಲ್ಲಿ ಕಪ್ಪು ಅಕ್ಷರ ತುಂಬು ಶಾಯಿಯಲ್ಲಿರುತ್ತದೆ, ಅಂಚು ಚೂಪಾಗಿರುತ್ತದೆ. ಒಂದು ಕಾರ್ಡನ್ನು ಫೋಟೋ ತೆಗೆದು ಮತ್ತೆ ಅಚ್ಚು ಹಾಕಿದ್ದರೆ ಅಕ್ಷರವೂ ಚುಕ್ಕೆಗಳಿಂದಲೇ ಆಗಿರುತ್ತದೆ, ಅಂಚು ಮಸುಕು. ಆಮೇಲೆ ದೀಪ ಆರಿಸಿ ಯುವಿ ಟಾರ್ಚ್ ಹಿಡಿಯಿರಿ. ಈಗಿನ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಹಾಕುತ್ತಾರೆ, ಅದು ನೀಲಿಯಾಗಿ ಹೊಳೆಯುತ್ತದೆ. 1910ರ ಅಥವಾ 1933ರ ಕಾರ್ಡ್ ಹಾಗೆ ಹೊಳೆದರೆ ಮುಂದೆ ನೋಡುವ ಅಗತ್ಯವೇ ಇಲ್ಲ.

ಕೆಲವು ಮರುಮುದ್ರಣಗಳು ಮೋಸಕ್ಕೆ ಮಾಡಿದವಲ್ಲ. 1983ರಲ್ಲಿ ಟಾಪ್ಸ್ ತಾನೇ 1952ರ ಸೆಟ್ಟನ್ನು ಮತ್ತೆ ಅಚ್ಚು ಹಾಕಿತು. ಅದರ ಅಳತೆ 2.5 ಇಂಚು ಅಗಲ, 3.5 ಇಂಚು ಉದ್ದ. 1952ರ ಅಸಲಿ ಅದಕ್ಕಿಂತ ದೊಡ್ಡದು: 2.625 ಮತ್ತು 3.75. ಆ ಸೆಟ್‌ನ ಮಿಕಿ ಮ್ಯಾಂಟಲ್ ಕಾರ್ಡ್ ಸಿಕ್ಕಿದೆ ಅಂತ ನನಗೆ ಕರೆ ಮಾಡಿದವರಿಗೆಲ್ಲ ಮೊದಲು ಹೇಳುವುದು ಇದನ್ನೇ, ಸ್ಕೇಲ್ ತೆಗೆದುಕೊಳ್ಳಿ. ಪೀಟ್ ರೋಸ್ ರೂಕಿಯ ನಕಲುಗಳೂ ಬಹಳ ಕಾಲದಿಂದ ಓಡಾಡುತ್ತಿವೆ, ಅದನ್ನು ಗ್ರೇಡ್ ಆಗದೆ ಕೊಳ್ಳಲೂ ಬೇಡಿ.

4. ಸ್ಥಿತಿ ಹೇಗಿದೆ? ಇಲ್ಲಿ ನಿಧಾನ ಮಾಡಿ

ನಾಲ್ಕು ವಿಷಯ: ಮೂಲೆ, ಅಂಚು, ಮೇಲ್ಮೈ, ಮತ್ತು ಚಿತ್ರ ನಡುವೆ ಕೂತಿದೆಯೇ ಅನ್ನುವುದು.

ಕೊನೆಯದು ಸುಲಭ. ಎಡಗಡೆಯ ಬಿಳಿ ಅಂಚು ಅಳೆಯಿರಿ, ಬಲಗಡೆಯದು ಅಳೆಯಿರಿ. ಒಂದು ಕಡೆ 3 ಮಿಲಿಮೀಟರ್, ಇನ್ನೊಂದು ಕಡೆ 2 ಇದ್ದರೆ ಅದು 60/40. ಮೇಲೆ ಕೆಳಗೆ ಕೂಡ ಹಾಗೇ. ಪಿಎಸ್‌ಎಯಲ್ಲಿ 8 ಬರಬೇಕಾದರೆ ಮುಂಭಾಗ ಹೆಚ್ಚೆಂದರೆ 70/30ರೊಳಗೆ ಇರಬೇಕು. ಮೂಲೆ ಎಷ್ಟೇ ಚೂಪಾಗಿರಲಿ, ಚಿತ್ರ ಒಂದು ಕಡೆಗೆ ವಾಲಿದ್ದರೆ ಅಂಕ ಇಳಿಯುತ್ತದೆ, ಇಲ್ಲವೇ ಅಂಕದ ಪಕ್ಕದಲ್ಲಿ ಓಸಿ ಅಂತ ಬರೆಯುತ್ತಾರೆ. ಓಸಿ ಅಂದರೆ ನಡುವೆ ಕೂತಿಲ್ಲ ಅಂತ. ಓಸಿ ಇರುವ 8ನ್ನು ಮಾರುಕಟ್ಟೆ 8 ಅಂತ ಒಪ್ಪುವುದಿಲ್ಲ.

ಮೇಲ್ಮೈ ಬೇರೆ ಮಾತು. ಎದುರಿಂದ ನೋಡಿದರೆ ಏನೂ ಕಾಣುವುದಿಲ್ಲ. ಅಂಗಡಿಯಲ್ಲಿ ರೇಷ್ಮೆ ಸೀರೆಯನ್ನು ಬೆಳಕಿಗೆ ಹಿಡಿದು ಓರೆ ಮಾಡಿ ನೋಡುತ್ತಾರಲ್ಲ, ಹಾಗೆ ಕಾರ್ಡನ್ನು ಲ್ಯಾಂಪಿನ ಕೆಳಗೆ ನಿಧಾನವಾಗಿ ಓರೆ ಮಾಡಿ ತಿರುಗಿಸಿ. ಮುಂದೆಯೂ, ಹಿಂದೆಯೂ. ಕೂದಲೆಳೆಯಷ್ಟು ಸುಕ್ಕು ಇದ್ದರೂ ಆಗ ಬೆಳಕು ಅಲ್ಲಿ ಮುರಿಯುತ್ತದೆ. ಕಣ್ಣಿಗೆ ಕಾಣುವ ಮಡಿಕೆ ಒಂದಿದ್ದರೆ ಸಾಕು, ಕಾರ್ಡ್ 4ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ಉಳಿದದ್ದೆಲ್ಲ ಹೊಸದರ ಹಾಗಿದ್ದರೂ ಅಷ್ಟೇ.

ಹಿಂಭಾಗವನ್ನು ಜನ ನೋಡುವುದೇ ಇಲ್ಲ. ಆಗಿನ ಮಕ್ಕಳು ಕಾರ್ಡನ್ನು ಆಲ್ಬಮ್‌ಗೆ ಅಂಟಿಸುತ್ತಿದ್ದರು, ಆಮೇಲೆ ಯಾರೋ ಕಿತ್ತರು, ಬೆನ್ನಿನ ಕಾಗದ ಒಂದು ಪದರ ಹೋಯಿತು. ಮುಂದಿನಿಂದ 6ರ ಹಾಗೆ ಕಾಣುವ ಕಾರ್ಡ್ ಇದರಿಂದ 1ಕ್ಕೋ 2ಕ್ಕೋ ಬೀಳುತ್ತದೆ. ಕಾರ್ಡ್ ಜೊತೆ ಪೊಟ್ಟಣದಲ್ಲಿರುತ್ತಿದ್ದ ಬಬಲ್ ಗಮ್‌ನ ಕಲೆ, ಪೊಟ್ಟಣದ ಮೇಣದ ಕಲೆ, ಪೆನ್ಸಿಲ್‌ನಲ್ಲಿ ಬರೆದ ಹುಡುಗನ ಹೆಸರು, ಎಲ್ಲ ಲೆಕ್ಕಕ್ಕೆ ಬರುತ್ತದೆ.

ಅಂಚಿನ ವಿಷಯದಲ್ಲಿ ಯಾವ ಸೆಟ್ ಅನ್ನುವುದು ಮುಖ್ಯ. 1971ರ ಟಾಪ್ಸ್‌ಗೆ ಕಪ್ಪು ಅಂಚು. ಉಗುರು ತಾಗಿದರೂ ಬಿಳಿ ಇಣುಕುತ್ತದೆ. ಅದಕ್ಕೇ ಆ ವರ್ಷದ ಕಾರ್ಡ್ 8 ಬರುವುದು ಬಹಳ ಕಷ್ಟ, ಬಂದರೆ ಕಾಮನ್‌ಗೂ ಗಿರಾಕಿ ಇದ್ದಾರೆ. 1963ರದ್ದರ ಕೆಳಗಿನ ಬಣ್ಣದ ಪಟ್ಟಿ, 1975ರ ಎರಡು ಬಣ್ಣದ ಅಂಚು, 1962ರ ಮರದ ಹಲಗೆಯಂಥ ಅಂಚು, ಎಲ್ಲಕ್ಕೂ ಇದೇ ಕಷ್ಟ.

ಒಂದು ವಿನಂತಿ. ಕಪ್ಪು ಅಂಚಿಗೆ ಮಾರ್ಕರ್ ಹಚ್ಚಬೇಡಿ. ಪೆನ್ಸಿಲ್ ಗುರುತು ಉಜ್ಜಬೇಡಿ. ಮಡಿಕೆಯನ್ನು ಪುಸ್ತಕದ ಕೆಳಗಿಟ್ಟು ಒತ್ತಬೇಡಿ. ಅರವತ್ತು ಎಪ್ಪತ್ತು ವರ್ಷ ಹೇಗೋ ಉಳಿದು ಬಂದ ಕಾಗದ ಅದು, ಅದರ ಗಾಯ ಅದಕ್ಕಿರಲಿ. ತಿದ್ದಿದ್ದು ಗೊತ್ತಾದರೆ ಅಂಕವೇ ಸಿಗುವುದಿಲ್ಲ.

5. ಯಾರಾದರೂ ಕತ್ತರಿಸಿದ್ದಾರೆಯೇ?

ಸವೆದ ಮೂಲೆಯನ್ನು ಚೂಪು ಮಾಡಲು ಅಂಚಿನಿಂದ ಒಂದು ಎಳೆಯಷ್ಟು ಕತ್ತರಿಸುತ್ತಾರೆ. ಇದು ಈ ಹವ್ಯಾಸದ ದೊಡ್ಡ ಪಿಡುಗು, ದೊಡ್ಡ ಕಾರ್ಡ್‌ಗಳನ್ನೂ ಬಿಟ್ಟಿಲ್ಲ. ಐಸ್ ಹಾಕಿ ಆಟಗಾರ ವೇನ್ ಗ್ರೆಟ್ಸ್‌ಕಿ ಮತ್ತು ಅವನ ತಂಡದ ಮಾಲೀಕ ಬ್ರೂಸ್ ಮೆಕ್‌ನಾಲ್ 1991ರಲ್ಲಿ 4,51,000 ಡಾಲರ್ ಕೊಟ್ಟು ಕೊಂಡ ಟಿ206 ಹೋನಸ್ ವ್ಯಾಗ್ನರ್ ಕಾರ್ಡ್ ಪಿಎಸ್‌ಎ ಗ್ರೇಡ್ ಮಾಡಿದ ಮೊದಲ ಕಾರ್ಡ್, ಸಿಕ್ಕ ಅಂಕ 8. ಅದರ ಅಂಚನ್ನು ತಾನೇ ಕತ್ತರಿಸಿದ್ದೆ ಅಂತ ಹರಾಜುಗಾರ ಬಿಲ್ ಮಾಸ್ಟ್ರೊ 2013ರಲ್ಲಿ ಒಪ್ಪಿಕೊಂಡ.

ನನಗೂ ಇದು ಆಗಿದೆ. ಒಂದು ಕಾರ್ಡ್ ಶೋದಲ್ಲಿ 1956ರ ಕ್ಲೆಮೆಂಟೆ ನೋಡಿದೆ, ಮೂಲೆಗಳು ಸೂಜಿಯ ಹಾಗೆ. ಮಾರುವವನು ಒಳ್ಳೆಯ ಮಾತಾಡಿದ, ನಾನು ನಂಬಿದೆ, ಆ ತಿಂಗಳು ಉಳಿಸಿದ್ದೆಲ್ಲ ಕೊಟ್ಟೆ. ಗ್ರೇಡಿಂಗ್‌ಗೆ ಹೋದ ಕಾರ್ಡ್ ಅಂಕವಿಲ್ಲದೆ ವಾಪಸ್ ಬಂತು, ಕತ್ತರಿಸಿದ ಗುರುತಿದೆ ಅನ್ನುವ ಚೀಟಿ ಜೊತೆಗೆ. ಆ ರಾತ್ರಿ ನನ್ನ ಹತ್ತಿರವಿದ್ದ ಎರಡು ಡಾಲರಿನ 1956ರ ಒಂದು ಕಾಮನ್ ತೆಗೆದು ಅದರ ಮೇಲೆ ಕ್ಲೆಮೆಂಟೆಯನ್ನು ಇಟ್ಟೆ. ಬಲಗಡೆ ಒಂದು ಗೆರೆಯಷ್ಟು ಕಾಮನ್ ಇಣುಕುತ್ತಿತ್ತು. ಅಷ್ಟೇ ಸಾಕಿತ್ತು, ಕೊಳ್ಳುವ ಮೊದಲು ಮಾಡಿದ್ದರೆ. ಬಹಳ ನೋವಾಯಿತು.

ಹಾಗಾಗಿ ಪ್ರತಿ ವರ್ಷದ ಒಂದು ಅಗ್ಗದ ಕಾಮನ್ ಇಟ್ಟುಕೊಳ್ಳಿ. ಅಂಥ ಎರಡು ಮೂರು ಕಾಮನ್‌ಗಳ ನಡುವೆ ನಿಮ್ಮ ಕಾರ್ಡ್ ಸೇರಿಸಿ, ನಾಲ್ಕೂ ಕಡೆಯಿಂದ ನೋಡಿ. ಅಂಚಿನ ಬಣ್ಣವನ್ನೂ ನೋಡಿ: ಉಳಿದ ಮೂರು ಅಂಚು ಹಳದಿಗೆ ತಿರುಗಿ ಒಂದು ಮಾತ್ರ ಬೆಳ್ಳಗಿದ್ದರೆ ಅನುಮಾನ ಪಡಲೇಬೇಕು. ಕಾರ್ಖಾನೆಯಲ್ಲೇ ಅಳತೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತಿತ್ತು ಅನ್ನುವುದೂ ನಿಜ. ಅದಕ್ಕೇ ಸ್ಕೇಲ್ ಒಂದನ್ನೇ ನಂಬದೆ ಅಂಚನ್ನೂ ನೋಡಿ ಅನ್ನುವುದು.

6. ಈಗ ಲೆಕ್ಕ

ಇಷ್ಟಾದ ಮೇಲೆ ಮೇಜಿನ ಮೇಲೆ ಹತ್ತೋ ಹದಿನೈದೋ ಕಾರ್ಡ್ ಉಳಿದಿರುತ್ತವೆ. ಒಂದೊಂದಕ್ಕೂ ನಿಮಗೆ ಅನ್ನಿಸಿದ ಅಂಕ ಬರೆಯಿರಿ. ಆಮೇಲೆ ಅದರಿಂದ ಒಂದು ಕಳೆಯಿರಿ. ನಮ್ಮ ಕಾರ್ಡನ್ನು ನಾವು ಯಾವಾಗಲೂ ಪ್ರೀತಿಯಿಂದ ನೋಡುತ್ತೇವೆ, ಗ್ರೇಡ್ ಮಾಡುವವರಿಗೆ ಆ ಪ್ರೀತಿ ಇರುವುದಿಲ್ಲ, ಅಲ್ವಾ?

ಇಬೇಯಲ್ಲಿ ಮಾರಾಟವಾದವು ಅನ್ನುವ ಪಟ್ಟಿ ತೆರೆಯಿರಿ. ಕೇಳುತ್ತಿರುವ ಬೆಲೆ ನೋಡಬೇಡಿ, ಅದನ್ನು ಯಾರು ಎಷ್ಟು ಬೇಕಾದರೂ ಹಾಕಬಹುದು. ಅದೇ ಕಾರ್ಡ್ ಗ್ರೇಡ್ ಆಗದೆ ಎಷ್ಟಕ್ಕೆ ಹೋಗಿದೆ, ನೀವು ಬರೆದ ಕಡಿಮೆ ಅಂಕದಲ್ಲಿ ಎಷ್ಟಕ್ಕೆ ಹೋಗಿದೆ, ಎರಡನ್ನೂ ಬರೆದುಕೊಳ್ಳಿ. ಖರ್ಚಿನ ಕಡೆ ಗ್ರೇಡಿಂಗ್ ಶುಲ್ಕ, ಹೋಗಿ ಬರುವ ಅಂಚೆ, ವಿಮೆ, ಮಾರುವುದಾದರೆ ಮಾರುವ ಜಾಗದ ಕಮಿಷನ್. ಶುಲ್ಕ ಒಂದೇ ಇರುವುದಿಲ್ಲ, ಕಾರ್ಡಿನ ಬೆಲೆ ಏರಿದ ಹಾಗೆ ಅದೂ ಏರುತ್ತದೆ, ಮತ್ತು ಆಗಾಗ ಬದಲಾಗುತ್ತದೆ, ಕಳಿಸುವ ದಿನವೇ ನೋಡಿ.

ಲೆಕ್ಕಕ್ಕೆ ಅಂತ ಒಂದು ಕಾರ್ಡ್ ಹಾಗೇ 60 ಡಾಲರ್‌ಗೆ ಹೋಗುತ್ತದೆ, 4 ಬಂದರೆ 90ಕ್ಕೆ ಅಂತ ಇಟ್ಟುಕೊಳ್ಳಿ. ಖರ್ಚು 40 ಬಂದರೆ ನೀವು ತಿಂಗಳುಗಟ್ಟಲೆ ಕಾದು ಹತ್ತು ಡಾಲರ್ ಕಳೆದುಕೊಂಡಿರಿ. ಕಾಲು ಕಾಸಿನ ಕೋಳಿಗೆ ಮುಕ್ಕಾಲು ಕಾಸಿನ ಮಸಾಲೆ ಅರೆದ ಹಾಗೆ. ಅದೇ 400ಕ್ಕೆ ಹೋಗುವ ಕಾರ್ಡ್ 3 ಬಂದರೂ 600ಕ್ಕೆ ಹೋಗುವುದಾದರೆ ಕಳಿಸಿ. ಇಲ್ಲಿ ಏರಿದ್ದು ಅಂಕದಿಂದಲ್ಲ. ಅಸಲಿಯೋ ನಕಲಿಯೋ ಅನ್ನುವ ಭಯ ಕೊಳ್ಳುವವನಿಂದ ಹೋಯಿತಲ್ಲ, ಅದರ ಬೆಲೆ ಅದು.

ನನ್ನ ಅನುಭವದಲ್ಲಿ ಕೊನೆಗೆ ಉಳಿಯುವ ನಿಯಮ ಇಷ್ಟು. ನಕಲು ಜಾಸ್ತಿ ಇರುವ ದೊಡ್ಡ ಹೆಸರು, ಮ್ಯಾಂಟಲ್, ವಿಲಿ ಮೇಸ್, ಆರನ್, ಜಾಕಿ ರಾಬಿನ್ಸನ್, ಕ್ಲೆಮೆಂಟೆಯ ಐವತ್ತರ ದಶಕದವು, ಯಾವ ಸ್ಥಿತಿಯಲ್ಲಿದ್ದರೂ ಕಳಿಸಬಹುದು. ಅರವತ್ತು ಎಪ್ಪತ್ತರ ದಶಕದ ಮಧ್ಯಮ ಹೆಸರುಗಳು 7 ಅಥವಾ ಮೇಲೆ ಬರುತ್ತವೆ ಅನ್ನಿಸಿದರೆ ಮಾತ್ರ. ಕಾಮನ್‌ಗಳು 8ಕ್ಕಿಂತ ಕೆಳಗಾದರೆ ಸುಮ್ನೆ ಆಲ್ಬಮ್‌ನಲ್ಲಿರಲಿ. ಅಂಕ ಕಡಿಮೆ ಬಂದೀತು ಅಂತ ದೊಡ್ಡ ಕಾರ್ಡನ್ನು ಹಿಂದಿಡುವವರಿಗೆ ಒಂದು ಮಾತು: 2022ರ ಆಗಸ್ಟ್‌ನಲ್ಲಿ 72.5 ಲಕ್ಷ ಡಾಲರ್‌ಗೆ ಹೋದ ಹೋನಸ್ ವ್ಯಾಗ್ನರ್ ಕಾರ್ಡಿನ ಅಂಕ ಬರೀ 2.

7. ಯಾರಿಗೆ ಕಳಿಸುವುದು?

ಪಿಎಸ್‌ಎ, ಎಸ್‌ಜಿಸಿ, ಬೆಕೆಟ್, ಸಿಜಿಸಿ, ಈ ನಾಲ್ಕು ಹೆಸರು ಕೇಳುತ್ತೀರಿ. ಮಾರುವ ಯೋಚನೆ ಇದ್ದರೆ ಎರಡನೇ ಮಹಾಯುದ್ಧದ ನಂತರದ ಟಾಪ್ಸ್, ಬೌಮನ್ ಕಾರ್ಡ್‌ಗಳಿಗೆ ನಾನು ಪಿಎಸ್‌ಎ ಹಿಡಿಯುತ್ತೇನೆ. ತಂಬಾಕಿನ ಕಾಲದ ಕಾರ್ಡ್‌ಗಳಿಗೆ ಎಸ್‌ಜಿಸಿಯ ಕಪ್ಪು ಚೌಕಟ್ಟು ಬಹಳ ಒಪ್ಪುತ್ತದೆ, ಹಳಬರು ಅದನ್ನು ಗೌರವಿಸುತ್ತಾರೆ. 72.5 ಲಕ್ಷಕ್ಕೆ ಹೋದ ಆ ವ್ಯಾಗ್ನರ್ ಇದ್ದದ್ದು ಎಸ್‌ಜಿಸಿ ಸ್ಲ್ಯಾಬ್‌ನಲ್ಲೇ. ಅದೇ ತಿಂಗಳು 1.26 ಕೋಟಿ ಡಾಲರ್‌ಗೆ ಹೋದ 1952ರ ಮ್ಯಾಂಟಲ್ ಕೂಡ, ಅದಕ್ಕೆ 9.5. 2024ರಲ್ಲಿ ಪಿಎಸ್‌ಎಯ ಮಾತೃಸಂಸ್ಥೆಯೇ ಎಸ್‌ಜಿಸಿಯನ್ನು ಕೊಂಡಿತು. ಕಾಯುವ ಸಮಯ ಹೆಚ್ಚುಕಡಿಮೆ ಆಗುತ್ತಿರುತ್ತದೆ. 2021ರಲ್ಲಿ ಕಾರ್ಡ್‌ಗಳು ರಾಶಿ ಬಿದ್ದು ಪಿಎಸ್‌ಎ ತನ್ನ ಹೆಚ್ಚಿನ ಸೇವೆಗಳನ್ನು ಕೆಲವು ಕಾಲ ನಿಲ್ಲಿಸಿಯೇಬಿಟ್ಟಿತ್ತು. ತುರ್ತಾಗಿ ದುಡ್ಡು ಬೇಕಾದವರು ಈ ದಾರಿ ಹಿಡಿಯಬೇಡಿ.

8. ಕಟ್ಟಿ ಕಳಿಸುವುದು

ಮುಂದೆ ಹಿಂದೆ ಎರಡೂ ಕಡೆ ಸ್ಪಷ್ಟವಾಗಿ ಫೋಟೋ ತೆಗೆದಿಡಿ. ಕಾರ್ಡನ್ನು ತೆಳು ಪ್ಲಾಸ್ಟಿಕ್ ಕವರ್‌ಗೆ, ಆಮೇಲೆ ಬಾಗುವಂಥ ಅರೆಗಟ್ಟಿ ಹೋಲ್ಡರ್‌ಗೆ ಹಾಕಿ. ಟಾಪ್‌ಲೋಡರ್ ಅನ್ನುವ ಗಟ್ಟಿ ಹೋಲ್ಡರ್ ಬೇಡ, ಅದರಿಂದ ತೆಗೆಯುವಾಗ ಮೂಲೆಗೆ ಪೆಟ್ಟಾಗಬಹುದು. ಹೋಲ್ಡರ್ ಬಾಯಿಗೆ ಟೇಪ್ ಅಂಟಿಸಬೇಡಿ. ಎರಡು ರಟ್ಟಿನ ನಡುವೆ ಇಟ್ಟು ಕಟ್ಟಿ, ಪೆಟ್ಟಿಗೆಯೊಳಗೆ ಅಲುಗಾಡದ ಹಾಗೆ ತುಂಬಿ, ವಿಮೆ ಮಾಡಿಸಿ. ಬೆಲೆ ಬರೆಯುವ ಜಾಗದಲ್ಲಿ ನಿಜವಾದದ್ದನ್ನೇ ಬರೆಯಿರಿ. ಕಡಿಮೆ ಬರೆದರೆ ದಾರಿಯಲ್ಲಿ ಕಳೆದುಹೋದಾಗ ಕೈಗೆ ಬರುವುದೂ ಅಷ್ಟೇ. ಅಂಕ ಜಾಸ್ತಿ ಬಂದು ಬೆಲೆ ಏರಿದರೆ ಅವರು ಹೆಚ್ಚಿನ ಶುಲ್ಕ ಕೇಳುತ್ತಾರೆ, ಅದಕ್ಕೂ ತಯಾರಿರಿ.

ವಾಪಸ್ ಬಂದ ದಿನ ಮೊದಲು ಅಂಕ ನೋಡುತ್ತೀರಿ, ನೋಡಿ. ಆದರೆ ಆಮೇಲೆ ಲೇಬಲ್ ಮೇಲಿನ ವರ್ಷ, ಹೆಸರು, ಕಾರ್ಡ್ ನಂಬರ್ ಸರಿಯಾಗಿದೆಯೇ ಓದಿ, ಸರ್ಟಿಫಿಕೇಟ್ ನಂಬರನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ ಹೊಂದುತ್ತದೆಯೇ ನೋಡಿ. ತಪ್ಪಿದ್ದರೆ ಸ್ಲ್ಯಾಬ್ ಒಡೆಯದೆ ಕೂಡಲೇ ಅವರಿಗೆ ತಿಳಿಸಿ. ಕಳಿಸದೆ ಉಳಿದ ಕಾರ್ಡ್‌ಗಳನ್ನೂ ಕವರ್‌ಗೆ ಹಾಕಿ ಒಣ ಜಾಗದಲ್ಲಿಡಿ, ಬೇಸ್‌ಮೆಂಟ್ ಬೇಡ, ಅಲ್ಲಿ ಥಂಡಿ.